ಗೂಬೆಗಳ ದಕ್ಷಿಣ ದೇಶದಲ್ಲಿ ಎರಡು ದಿನ

ಜನವರಿಯ ಒಂದು ಶುಕ್ರವಾರ ಸಂಜೆ ಗೆಳೆಯರೊಡನೆ ಗೂಬೆ ನೋಡಲು ಹೊರಟಿದ್ದೇನೆಂದು ಫೋನಿನಲ್ಲಿ ಹೇಳಿದಾಗ ತಿಪಟೂರಿನಲ್ಲಿದ್ದ ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ದುಡ್ಡು ಖರ್ಚು ಮಾಡ್ಕೊಂಡು ಹೋಗಿ ಗೂಬೆ ಮುಖ ನೋಡ್ತೀಯೇನೋ?" ಎಂದರು. ಮನೆಯ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವ ಊರಿನವರಿಗೆ ಇದಕ್ಕಿಂತ ಬೇರೆ ಮಾತು ಹೊಳೆಯುವುದು ಕಷ್ಟ. ನಾವು ನಾಲ್ವರು ಹೊರಟಿದ್ದದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ, ಡುಲುತ್ ನಗರದ ಆಚೆಗಿರುವ ಸ್ಯಾಕ್ಸ್-ಜಿಮ್ ಬಾಗ್ ಎಂಬ ಜೌಗುಕಾಡಿಗೆ. ಸ್ಯಾಕ್ಸ್ ಮತ್ತು ಜಿಮ್ ಎಂಬವು ಹಿಂದೆ ರೈಲು ನಿಲ್ಲುತ್ತಿದ್ದ ಎರಡು ಸಣ್ಣ ಊರುಗಳು. ಈಗ ಅವುಗಳ ಹೆಸರನ್ನು ಉಳಿಸಿಕೊಂಡಿರುವುದು ಹೆಚ್ಚಾಗಿ ಹಕ್ಕಿ ನೋಡುವವರೇ.

ಡುಲುತ್‌ನಲ್ಲಿ ರಾತ್ರಿ ತಂಗಿ, ಶನಿವಾರ ಬೆಳಕು ಹರಿಯುವ ಮುನ್ನವೇ ಹೊರಟಾಗ ಉಷ್ಣಾಂಶ ಸೊನ್ನೆಗಿಂತ 29 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಈ ಚಳಿಯಲ್ಲಿ ಮೂಗಿನೊಳಗಿನ ಕೂದಲು ಮೊದಲ ಉಸಿರಿಗೇ ಸೆಟೆದುಕೊಳ್ಳುತ್ತದೆ, ದುರ್ಬೀನಿನ ಗಾಜಿನ ಮೇಲೆ ನಮ್ಮದೇ ಉಸಿರು ಹಿಮವಾಗಿ ಕೂರುತ್ತದೆ, ಕ್ಯಾಮೆರಾದ ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳದಿದ್ದರೆ ಅರ್ಧ ಗಂಟೆಯೂ ಬಾಳುವುದಿಲ್ಲ. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿ ಮರೆತಿದ್ದ ಚಿತ್ರಾನ್ನ ಇಟ್ಟಿಗೆಯಂತಾಗಿತ್ತು. ಆ ದಿನ ನಮ್ಮನ್ನು ಕಾಪಾಡಿದ್ದು ಕೋಡುಬಳೆ ಮತ್ತು ಫ್ಲಾಸ್ಕಿನಲ್ಲಿದ್ದ ಫಿಲ್ಟರ್ ಕಾಫಿ.

ಕಾಡು ಎಂದಾಗ ಮಲೆನಾಡನ್ನು ನೆನೆಸಿಕೊಳ್ಳುವವರಿಗೆ ಈ ಕಾಡು ಬಡಕಲಾಗಿ ಕಾಣುತ್ತದೆ. ನೆಲದಡಿಯಲ್ಲಿ ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಕೂಡಿಕೊಂಡ ಸ್ಫ್ಯಾಗ್ನಮ್ ಪಾಚಿಯ ಪದರಗಳಿವೆ. ಆ ಹುಳಿಮಣ್ಣಿನಲ್ಲಿ ಸಾರ ಕಡಿಮೆ, ನೀರು ಮಾತ್ರ ಹೆಚ್ಚು. ಅಲ್ಲಿ ನಿಲ್ಲಬಲ್ಲ ಮರಗಳು ಮುಖ್ಯವಾಗಿ ಎರಡು, ಕಪ್ಪು ಸ್ಪ್ರೂಸ್ ಮತ್ತು ಟ್ಯಾಮರಾಕ್. ತೋಳಿನಷ್ಟೇ ದಪ್ಪವಿರುವ ಸ್ಪ್ರೂಸ್ ಮರಕ್ಕೆ ನೂರು ವರ್ಷ ದಾಟಿರುವುದುಂಟು. ಟ್ಯಾಮರಾಕ್ ಸೂಜಿಯೆಲೆಯ ಜಾತಿಯದಾದರೂ ಚಳಿಗಾಲಕ್ಕೆ ಎಲೆಗಳನ್ನೆಲ್ಲ ಉದುರಿಸಿಬಿಡುವುದರಿಂದ, ಒಣಗಿ ಸತ್ತಿದೆಯೆಂದೇ ನಾನು ಮೊದಲ ಸಲ ತಿಳಿದಿದ್ದೆ. 20ನೆಯ ಶತಮಾನದ ಆರಂಭದಲ್ಲಿ ಈ ಜೌಗನ್ನು ಬಸಿದು ಹೊಲ ಮಾಡಲು ಉದ್ದುದ್ದ ಕಾಲುವೆಗಳನ್ನು ತೋಡಿದರು. ಬೇಸಾಯ ಬಹುಪಾಲು ಕೈಹಿಡಿಯಲಿಲ್ಲ, ಕಾಲುವೆಗಳು ಉಳಿದವು. ಅವು ಹಿಮದಡಿ ಮುಚ್ಚಿ ರಸ್ತೆಯಂಚಿನಂತೆಯೇ ಕಾಣುತ್ತವೆಂಬುದನ್ನು ನಮ್ಮ ಕಾರಿನ ಬಲಗಡೆಯ ಎರಡು ಚಕ್ರಗಳು ಒಳಗಿಳಿದ ಮೇಲೆ ತಿಳಿದುಕೊಂಡೆವು. ಹಕ್ಕಿಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದವನು ನಾನೇ ಆದ್ದರಿಂದ ಬೇರೆ ಯಾರ ಮೇಲೂ ಗೂಬೆ ಕೂರಿಸುವಂತಿರಲಿಲ್ಲ. ಆ ದಾರಿಯಲ್ಲಿ ಬಂದ ರೈತರೊಬ್ಬರು ತಮ್ಮ ಪಿಕಪ್ ಟ್ರಕ್ಕಿಗೆ ಸರಪಳಿ ಕಟ್ಟಿ ಎಳೆದುಕೊಟ್ಟರು. ಹಣ ಬೇಡವೆಂದರು, ಕೋಡುಬಳೆಯನ್ನು ಸಂಕೋಚವಿಲ್ಲದೆ ತೆಗೆದುಕೊಂಡರು.

ಈ ಜಾಗಕ್ಕೆ ಚಳಿಗಾಲದಲ್ಲಿಯೇ ಏಕೆ ಬರಬೇಕೆಂಬ ಪ್ರಶ್ನೆಗೆ ಉತ್ತರ ನಮ್ಮಂಥವರಿಗೆ ತಟ್ಟನೆ ಒಪ್ಪಿಗೆಯಾಗುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಬಾತುಗಳು ಹಿಮಾಲಯವನ್ನು ದಾಟಿ ಬರುವುದನ್ನು ಕೇಳಿ ಬೆಳೆದವರಿಗೆ, ಚಳಿಗಾಲದಲ್ಲಿ ಹಕ್ಕಿಗಳು ಬೆಚ್ಚಗಿನ ಕಡೆಗೆ ಹೋಗುತ್ತವೆಂಬುದು ಪಾಠದ ಮಾತು. ಆದರೆ ಕೆನಡಾದ ಉತ್ತರದ ಕಾಡುಗಳಿಂದ ನೋಡಿದರೆ ಮಿನ್ನೆಸೋಟಾವೇ ದಕ್ಷಿಣ. ಅಲ್ಲಿಂದ ಬರುವ ಹಕ್ಕಿಗಳನ್ನು ಓಡಿಸುವುದು ಚಳಿಗಿಂತ ಹೆಚ್ಚಾಗಿ ಹಸಿವು. ಬರ್ಚ್ ಮತ್ತು ಆಲ್ಡರ್ ಮರಗಳ ಬೀಜ ಅಲ್ಲಿ ಸರಿಯಾಗಿ ಆಗದ ವರ್ಷ ರೆಡ್‌ಪೋಲ್ ಎಂಬ ಪುಟ್ಟ ಕೆಂಪುನೆತ್ತಿಯ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ವೋಲ್ ಎಂಬ ಮೋಟುಬಾಲದ ಇಲಿಗಳು ಕಡಿಮೆಯಾದ ವರ್ಷ ಗೂಬೆಗಳು ಬರುತ್ತವೆ. 2004-05ರ ಚಳಿಗಾಲದಲ್ಲಿ ಮಿನ್ನೆಸೋಟಾ ಒಂದರಲ್ಲಿಯೇ 5,000ಕ್ಕೂ ಹೆಚ್ಚು ದೊಡ್ಡ ಬೂದುಗೂಬೆಗಳನ್ನು ದಾಖಲಿಸಿದರು. ಹಕ್ಕಿ ನೋಡುವವರಿಗೆ ಹಬ್ಬವಾದ ಆ ವರ್ಷ ಗೂಬೆಗಳ ಪಾಲಿಗೆ ಬರಗಾಲ.

ಶನಿವಾರದ ಬಹುಭಾಗವನ್ನು ಜನರು ಹಕ್ಕಿಗಳಿಗೆಂದು ಕಾಳು, ಕೊಬ್ಬು ಇಡುವ ಜಾಗಗಳಲ್ಲಿ ಕಳೆದೆವು. ಹಿಡಿಗಾತ್ರದ ಚಿಕಡೀ ಹಕ್ಕಿಯ ತೂಕ ಸುಮಾರು 11 ಗ್ರಾಂ, ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಒಂದು ತೊಲ. ಅದು ರಾತ್ರಿಯಲ್ಲಿ ಮೈಶಾಖವನ್ನು ಸುಮಾರು 10 ಡಿಗ್ರಿಯಷ್ಟು ಇಳಿಸಿಕೊಂಡು, ಹಗಲು ಕೂಡಿಸಿದ ಕೊಬ್ಬನ್ನು ಜುಗ್ಗನಂತೆ ಕರಗಿಸುತ್ತ ಬೆಳಗು ಮಾಡುತ್ತದೆ. ರೆಡ್‌ಪೋಲ್ ಕತ್ತಲಾಗುವ ಮುಂಚೆ ಗಂಟಲಿನ ಚೀಲದಲ್ಲಿ ಬೀಜ ತುಂಬಿಕೊಂಡು ಮರೆಯ ಜಾಗ ಸೇರಿ, ರಾತ್ರಿಯೆಲ್ಲ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನಡಾ ಜೇ. ಬೂದುಬಣ್ಣದ, ಸ್ವಲ್ಪವೂ ಅಂಜಿಕೆಯಿಲ್ಲದ ಈ ಹಕ್ಕಿ ಕಾಗೆಯ ಬಳಗದ್ದು, ಬುದ್ಧಿಯೂ ಹಾಗೆಯೇ. ಬೇಸಿಗೆಯಿಂದಲೇ ತಿನಿಸಿನ ತುಣುಕುಗಳನ್ನು ಅಂಟುಜೊಲ್ಲಿನಲ್ಲಿ ಮೆತ್ತಿ ಮರದ ತೊಗಟೆಯ ಸಂದುಗಳಲ್ಲಿ ಸಾವಿರಗಟ್ಟಲೆ ಬಚ್ಚಿಟ್ಟು, ಆ ಉಗ್ರಾಣದ ಬಲದ ಮೇಲೆ ಚಳಿ ಇನ್ನೂ ಮುಗಿಯದಿರುವಾಗಲೇ, ಫೆಬ್ರವರಿ ಕೊನೆ ಮತ್ತು ಮಾರ್ಚಿನಲ್ಲಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಮಾಡಿಡುತ್ತಿದ್ದ ನಮ್ಮ ಅಜ್ಜಿಯಂದಿರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಗೂಬೆ ಮಾತ್ರ ಕಾಣಲಿಲ್ಲ. ಇಲಿಯನ್ನು ತೋರಿಸಿ ಗೂಬೆಯನ್ನು ಹತ್ತಿರಕ್ಕೆ ಕರೆಯುವ ಛಾಯಾಗ್ರಾಹಕರೂ ಇದ್ದಾರೆ. ಬಳಗದ ಹಿರಿಯ ಗೆಳೆಯರಿಗೆ ಈ ಮಾತೆತ್ತಿದರೇ ಸಿಟ್ಟು. ರಸ್ತೆಯಂಚಿನಲ್ಲಿ ಇಲಿಗೆ ಒಗ್ಗಿಕೊಂಡ ಗೂಬೆ ಕಾರಿಗೆ ಸಿಕ್ಕಿ ಸಾಯುತ್ತದೆ ಎನ್ನುತ್ತಾರೆ. ನನಗೂ ಅದೇ ಸರಿಯೆನ್ನಿಸುತ್ತದೆ. ಆದ್ದರಿಂದ ಕಾಯುವುದೊಂದೇ ದಾರಿಯಾಗಿತ್ತು.

ಸಂಜೆ ನಾಲ್ಕೂವರೆಯ ಹೊತ್ತಿಗೆ, ಸೂರ್ಯ ಮುಳುಗುವಾಗ, ಮುರಿದ ಟ್ಯಾಮರಾಕ್ ಮರದ ಬೊಡ್ಡೆಯೆಂದು ನಾವು ಎರಡು ಸಲ ದಾಟಿ ಹೋಗಿದ್ದ ವಸ್ತುವೊಂದು ಕತ್ತು ತಿರುಗಿಸಿತು. ಎರಡೂವರೆ ಅಡಿಗೆ ಹತ್ತಿರದ ಎತ್ತರ, ಮೊರದಂಥ ಮುಖ, ಅದರಲ್ಲಿ ಎರಡು ಸಣ್ಣ ಹಳದಿ ಕಣ್ಣು. ಆ ಗಾತ್ರವೆಲ್ಲ ಬಹುಪಾಲು ಗರಿಯೇ. ತೂಗಿದರೆ ಒಂದು ಕಿಲೋ ಆಸುಪಾಸು. ಅದು ನಮ್ಮನ್ನು ನೋಡಲಿಲ್ಲ, ಹಿಮವನ್ನು ಕೇಳಿಸಿಕೊಳ್ಳುತ್ತಿತ್ತು. ದಪ್ಪ ಹಿಮದ ಅಡಿಯಲ್ಲಿ, ನೆಲಕ್ಕೆ ತಾಗಿದ ಕಡೆ, ಮೇಲಿನ ಚಳಿ ತಟ್ಟದೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವ ಒಂದು ಕಿರುಜಾಗವುಂಟು. ಇಲಿಗಳು ಚಳಿಗಾಲವಿಡೀ ಅಲ್ಲಿ ಸುರಂಗ ಮಾಡಿಕೊಂಡು ಓಡಾಡುತ್ತವೆ. ಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲದಿರುವುದರಿಂದ ಸದ್ದು ಎಲ್ಲಿಂದ, ಎಷ್ಟು ಕೆಳಗಿನಿಂದ ಬರುತ್ತಿದೆಯೆಂಬುದು ಅದಕ್ಕೆ ಕರಾರುವಾಕ್ಕಾಗಿ ತಿಳಿಯುತ್ತದೆ. ಆ ಮೊರದ ಮುಖ ಸದ್ದನ್ನು ಕಿವಿಗೆ ತೂರಿಕೊಡುವ ಸಾಧನ.

ಅದು ಹಾರಿದ್ದು ನಮಗೆ ಕೇಳಿಸಲೇ ಇಲ್ಲ. ಬಯಲಿನ ಮೇಲೆ ತೇಲಿ ಬಂದು, ಒಂದು ಕ್ಷಣ ಗಾಳಿಯಲ್ಲಿಯೇ ನಿಂತು, ಕಾಲು ಮುಂದೆ ಚಾಚಿ ಹಿಮದೊಳಕ್ಕೆ ಎದೆಮಟ್ಟ ಮುಳುಗಿತು. ಬೇಟೆ ಸಿಗದೆ ಬರಿಗಾಲಲ್ಲಿ ಎದ್ದು, ತಲೆ ಕೊಡವಿ, ಪಕ್ಕದ ಬೇಲಿಕಂಬದ ಮೇಲೆ ಕೂತು ಮತ್ತೆ ಕಿವಿಗೊಟ್ಟಿತು. ಎರಡನೆಯ ಸಲವೂ ಬರಿಗಾಲು. ಫೋಟೊ ತೆಗೆಯಬೇಕೆಂಬುದನ್ನೂ ಮರೆತು ನಾವು ನಾಲ್ವರೂ ಅದಕ್ಕೆ ಊಟ ಸಿಗಲೆಂದು ಹಾರೈಸುತ್ತ ನಿಂತಿದ್ದೆವು. ಮೂರನೆಯ ಸಲ ಎದ್ದಾಗ ಬಾಯಲ್ಲೊಂದು ಕಪ್ಪು ಚುಕ್ಕೆಯಿತ್ತು. ಕೂತಲ್ಲಿಯೇ ಇಡಿಯಾಗಿ ನುಂಗಿ, ಕಾಡಿನ ಕಡೆಗೆ ಹೋಯಿತು.

ಭಾನುವಾರ ಬೆಳಿಗ್ಗೆ ಅಲ್ಲಿಯ ಸ್ವಾಗತ ಕೇಂದ್ರದಲ್ಲಿ ಬೆರಳು ಕಾಯಿಸಿಕೊಂಡು ನಮ್ಮ ಪಟ್ಟಿ ಸರಿಮಾಡಿದೆವು. ಎರಡು ದಿನಕ್ಕೆ ಹದಿನೇಳು ಜಾತಿ. ರಂಗನತಿಟ್ಟಿನಲ್ಲಿ ದೋಣಿ ಒಂದು ಸುತ್ತು ಬರುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಸಿಕ್ಕೀತು. ಕೊನೆಯ ಸಾಲಿನಲ್ಲಿ "ದೊಡ್ಡ ಬೂದುಗೂಬೆ, 1" ಎಂದು ಬರೆದು, ಎಲ್ಲಿ ಎಂಬ ಜಾಗವನ್ನು ಖಾಲಿ ಬಿಟ್ಟೆವು.