ನೆರಳು ಜೈಪುರದ್ದು, ವಾಚು ಮಿರ್ಜಾಪುರದ್ದು

ಕ್ರಿಸ್‌ಮಸ್ ರಜೆಗೆ ರಾಜಸ್ಥಾನಕ್ಕೆ ಹೋಗಿದ್ದೆವು. ಉದಯಪುರದ ಕೆರೆ, ಜೋಧಪುರದ ಕೋಟೆ, ಮರಳಿನಲ್ಲಿ ಒಂಟೆ ಸವಾರಿ, ಎಲ್ಲ ಆಯಿತು. ಚೆನ್ನಾಗಿಯೇ ಇದ್ದವು. ಆದರೆ ನಾನು ಬರೆಯಲು ಕೂತಿರುವುದು ಜೈಪುರದ ಜಂತರ್ ಮಂತರ್ ಅನ್ನುವ ಹಳೆಯ ಖಗೋಳ ವೀಕ್ಷಣಾಲಯದ ಬಗ್ಗೆ. ಅದರಲ್ಲೂ ಅಲ್ಲಿನ, ನೆರಳಿನಿಂದ ಗಂಟೆ ಹೇಳುವ ಒಂದು ಗಡಿಯಾರದ ಬಗ್ಗೆ. ಅದಕ್ಕೆ ಮುಳ್ಳಿಲ್ಲ, ಚಕ್ರಗಳಿಲ್ಲ, ಕೀ ಕೊಡಬೇಕಿಲ್ಲ. ಎತ್ತರ 27 ಮೀಟರ್.

ಮೊದಲ ಸಲ ಅಲ್ಲಿಗೆ ಹೋದಾಗ ನಮಗೆ ಏನೂ ದಕ್ಕಲಿಲ್ಲ. ಟೂರ್ ಬಸ್ಸಿನವರು ಆಮೇರ್ ಕೋಟೆಯಿಂದ ಬರುವ ದಾರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿದರು. ಅಚ್ಚಿನ ಕೆಲಸ ತೋರಿಸುತ್ತೇವೆ ಅಂತ ಒಳಗೆ ಕೂರಿಸಿ, ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕಿದರು. ಜಂತರ್ ಮಂತರ್ ತಲುಪುವಾಗ ನಾಲ್ಕು ಗಂಟೆ ದಾಟಿತ್ತು. ಮೇಲೆ ಮೋಡ ಬೇರೆ. ನೆರಳು ನೋಡಬೇಕಾದ ಜಾಗದಲ್ಲಿ ಬಿಸಿಲೇ ಇಲ್ಲದಿದ್ದರೆ ಏನು ನೋಡುವುದು? ಫೋಟೋ ಹೊಡೆದುಕೊಂಡು ಬೇಗ ಬನ್ನಿ ಅಂದರು. ಈಗ ನೆನೆದರೂ ಸಿಟ್ಟು ಬರುತ್ತದೆ.

ಹಾಗಾಗಿ ಹೋಗುವವರಿಗೆ ಹೇಳಿಬಿಡುತ್ತೇನೆ. ಬಸ್ಸಿನ ಲೆಕ್ಕಕ್ಕೆ ಇದನ್ನು ಬಿಡಬೇಡಿ. ಬಿಸಿಲಿರುವ ದಿನ ಬೆಳಗ್ಗೆ ಹತ್ತೂವರೆ ಹನ್ನೊಂದಕ್ಕೆ ಹೋಗಿ. ಚಳಿಗಾಲದಲ್ಲಿ ಅದಕ್ಕಿಂತ ಮುಂಚೆ ಮಂಜು ಮುಸುಕಿರಬಹುದು. ಕಡಿಮೆ ಅಂದರೂ ಎರಡು ಗಂಟೆ ಇಟ್ಟುಕೊಳ್ಳಿ. ಗೈಡ್ ಬೇಕೇ ಬೇಕು. ಇಲ್ಲದಿದ್ದರೆ ವಿಚಿತ್ರ ಆಕಾರದ ಗೋಡೆಗಳನ್ನು ಸುಮ್ನೆ ಸುತ್ತಿ ಬಂದ ಹಾಗಾಗುತ್ತದೆ.

ಮರುದಿನ ಬಸ್ಸು ಬಿಟ್ಟೆವು. ಬೆಳಗ್ಗೆ ಬಿಸಿಬಿಸಿ ಈರುಳ್ಳಿ ಕಚೋರಿ ತಿಂದು (ಜೈಪುರದಲ್ಲಿ ನನಗೆ ಅತಿ ಇಷ್ಟವಾದ ತಿಂಡಿ ಅದೇ, ದಾಲ್ ಬಾಟಿಗಿಂತ ಎಷ್ಟೋ ಮೇಲು) ನಾನೂ ಮಗಳೂ ಆಟೋ ಹತ್ತಿದೆವು. ನನ್ನವರು ಹವಾ ಮಹಲ್ ಕಡೆ ಹೋದರು.

ನಮಗೆ ಸಿಕ್ಕ ಗೈಡ್ ಅರವತ್ತು ದಾಟಿದವರು. ಎಲ್ಲರೂ ದೊಡ್ಡ ಯಂತ್ರದ ಕಡೆ ಓಡುತ್ತಿದ್ದರೆ, ಇವರು ನಮ್ಮನ್ನು ಚಿಕ್ಕದರ ಹತ್ತಿರ ನಿಲ್ಲಿಸಿದರು. ಅದರ ಹೆಸರು ಲಘು ಸಮ್ರಾಟ್ ಯಂತ್ರ. ನಡುವೆ ಇಳಿಜಾರಾದ ಗೋಡೆ, ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಅಮೃತಶಿಲೆಯ ಪಟ್ಟಿ. ಗೋಡೆಯ ಇಳಿಜಾರು 27 ಡಿಗ್ರಿ. ಜೈಪುರದ ಅಕ್ಷಾಂಶವೂ ಅಷ್ಟೇ. ಅಂದರೆ ಗೋಡೆಯ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತಿದೆ, ಧ್ರುವ ನಕ್ಷತ್ರದ ಕಡೆ ಮುಖ ಮಾಡಿದೆ. ಅದರ ನೆರಳು ಪಟ್ಟಿಯ ಮೇಲೆ ಬಿದ್ದ ಕಡೆ ಗೆರೆ ಓದಿದರೆ ಗಂಟೆ ಗೊತ್ತಾಗುತ್ತದೆ.

"ಓದು ಬೇಟಿ," ಅಂದರು ಮಗಳಿಗೆ. ನೆರಳಿನ ಅಂಚು ಮಸುಕಾಗಿತ್ತು. ಅವಳು ತಡವರಿಸಿದಳು. "ಸೂರ್ಯ ಚುಕ್ಕಿಯಲ್ಲ, ತಟ್ಟೆ. ಅದಕ್ಕೇ ಅಂಚು ಮಸುಕು," ಅಂತ ಹೇಳಿ ಜೇಬಿನಿಂದ ಒಂದು ಪೊರಕೆ ಕಡ್ಡಿ ತೆಗೆದರು. ಅದನ್ನು ಕಲ್ಲಿನಿಂದ ಒಂದಿಷ್ಟು ಮೇಲೆ, ಅಂಚಿಗೆ ನೇರವಾಗಿ ಹಿಡಿದು ಮೆಲ್ಲಗೆ ಸರಿಸಿದರು. ಕಡ್ಡಿಯ ಸಣ್ಣ ನೆರಳು ಎಲ್ಲಿ ಗೋಡೆಯ ನೆರಳಿನಲ್ಲಿ ಕರಗಿತೋ ಅಲ್ಲೇ ನಿಜವಾದ ಅಂಚು. ಹನ್ನೊಂದು ಗಂಟೆ ಮೂರು ನಿಮಿಷ.

ನನ್ನ ವಾಚಿನಲ್ಲಿ ಹನ್ನೊಂದೂವರೆ.

"ಅಮ್ಮಾ, ಯಾವುದು ತಪ್ಪು?" ಅಂದಳು ಮಗಳು. ನಾನು ಕಟ್ಟಿಕೊಂಡಿದ್ದು ನಮ್ಮ ಅಪ್ಪನ ಎಚ್‌ಎಂಟಿ, ದಿನಾ ಕೀ ಕೊಡುವಂಥದ್ದು. ಗೈಡ್ ಅದನ್ನು ನೋಡಿ ಕೈ ಮುಗಿದರು. "ಎರಡೂ ಸರಿ ಬೆಹನ್‌ಜೀ. ನೆರಳು ಜೈಪುರದ್ದು. ನಿಮ್ಮ ವಾಚು ಮಿರ್ಜಾಪುರದ್ದು."

"ಇಲ್ಲ ಭಾಯಿಸಾಬ್, ಬೆಂಗಳೂರಿನದು," ಅಂದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡಲು ಶುರು ಮಾಡಿದ್ದು ನಮ್ಮ ಊರಿನಲ್ಲೇ ಅಲ್ವಾ!

ಅವರು ಹೇಳಿದ್ದು ಬೇರೆ ಮಾತು. ಸೂರ್ಯ ಒಂದು ಡಿಗ್ರಿ ರೇಖಾಂಶ ದಾಟಲು ನಾಲ್ಕು ನಿಮಿಷ ಬೇಕು. ಭಾರತದ ಸಮಯ ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿಯ ಮೇಲೆ. ಜೈಪುರ ಅದಕ್ಕಿಂತ ಆರು ಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಗುಣಿಸಿದರೆ 27 ನಿಮಿಷ. ಮಗಳು ಬೆರಳಲ್ಲಿ ಲೆಕ್ಕ ಹಾಕಿ ನೋಡಿದಳು. ಸರಿಹೋಯಿತು!

"ಹಾಗಾದರೆ ಯಾವಾಗಲೂ 27 ಸೇರಿಸಿದರೆ ಸಾಕಾ ಅಂಕಲ್?"

ಸಾಲದಂತೆ. ಅವರ ಹತ್ತಿರ ಕೈಬರಹದ ಪುಟ್ಟ ಪುಸ್ತಕವಿತ್ತು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ವೃತ್ತವಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಕ್ರಿಸ್‌ಮಸ್ ಹೊತ್ತಿಗೆ ಆ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ನವೆಂಬರ್ ಮೊದಲ ವಾರ ಬಂದಿದ್ದರೆ ಹತ್ತು ಹನ್ನೊಂದು ನಿಮಿಷ ಸೇರಿಸಿದರೆ ಸಾಕಿತ್ತು. ಫೆಬ್ರವರಿ ಎರಡನೇ ವಾರವಾದರೆ 41.

ನಾನು ಕೂಡಲೇ ನಮ್ಮ ಊರುಗಳ ಲೆಕ್ಕ ಕೇಳಿದೆ. ಬೆಂಗಳೂರಿಗೆ ಸುಮಾರು 20 ನಿಮಿಷ, ಮಂಗಳೂರಿಗೆ ಸುಮಾರು 31. ಒಂದೇ ರಾಜ್ಯದಲ್ಲಿ ಹನ್ನೊಂದು ನಿಮಿಷದ ಅಂತರ! ಹಿಂದೆ ಊರೂರಿಗೆ ಹೀಗೆ ಸ್ವಂತ ಸಮಯವೇ ಇತ್ತು. ದೇಶಕ್ಕೆಲ್ಲ ಒಂದು ಸಮಯ ಬಂದದ್ದು 1906ರಲ್ಲಿ. ಆಮೇಲೂ ಕಲ್ಕತ್ತಾ 1948ರವರೆಗೆ, ಬಾಂಬೆ 1955ರವರೆಗೆ ತಮ್ಮ ಸಮಯವನ್ನು ಬಿಟ್ಟುಕೊಡಲಿಲ್ಲ. ಆ ಹಟ ನನಗೆ ಅಲ್ಲಿ ನಿಂತಾಗ ಅರ್ಥವಾಯಿತು. ತಲೆಯ ಮೇಲೆ ಸೂರ್ಯ ಬಂದಾಗ ಹನ್ನೆರಡು ಗಂಟೆ ಅನ್ನುವುದು ಎಷ್ಟು ಸಹಜ!

ಆಮೇಲೆ ದೊಡ್ಡ ಸಮ್ರಾಟ್ ಯಂತ್ರ, ಮೊದಲೇ ಹೇಳಿದ 27 ಮೀಟರಿನ ಗಡಿಯಾರ. ಮೇಲೆ ಹತ್ತಲು ಪ್ರವಾಸಿಗರನ್ನು ಬಿಡುವುದಿಲ್ಲ. ಬೇಕಾಗಿಯೂ ಇಲ್ಲ, ನೋಡಬೇಕಾದದ್ದು ಕೆಳಗಿದೆ. ಚಿಕ್ಕ ಯಂತ್ರದಲ್ಲಿ 20 ಸೆಕೆಂಡಿನವರೆಗೆ ಓದಬಹುದು, ಇದರಲ್ಲಿ 2 ಸೆಕೆಂಡಿನವರೆಗೆ. ಪಟ್ಟಿಯ ಒಂದು ಗೆರೆಯ ಮೇಲೆ ಕಣ್ಣಿಡಿ ಅಂದರು. ಇಟ್ಟೆವು. ನೆರಳು ನಡೆಯುತ್ತಿತ್ತು! ಸೆಕೆಂಡಿಗೆ ಒಂದು ಮಿಲಿಮೀಟರ್, ನಿಮಿಷಕ್ಕೆ ಆರು ಸೆಂಟಿಮೀಟರಿಗೂ ಜಾಸ್ತಿ. ನಾವು ನಿಂತ ನೆಲ ತಿರುಗುತ್ತಿದೆ ಅನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕಣ್ಣಿಂದ ಕಂಡದ್ದು ಇದೇ ಮೊದಲು. ನನಗೆ ಗಂಟಲು ಕಟ್ಟಿತು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು. ಸುತ್ತ ಜನ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಂದೇ ಒಂದು ನಿಮಿಷ ಆ ಕಡೆ ನೋಡಿದ್ದರೆ ಅವರಿಗೂ ಕಾಣುತ್ತಿತ್ತು.

ಇದನ್ನು ಕಟ್ಟಿಸಿದ್ದು ಎರಡನೇ ಸವಾಯಿ ಜೈಸಿಂಗ್, 1734ರ ಹೊತ್ತಿಗೆ. ಹಿತ್ತಾಳೆಯ ಉಪಕರಣಗಳು ಚಿಕ್ಕವು, ಅವುಗಳ ಅಚ್ಚು ಸವೆಯುತ್ತದೆ, ನಡುಗುತ್ತದೆ, ಲೆಕ್ಕ ತಪ್ಪುತ್ತದೆ ಅನ್ನುವುದು ಅವರ ದೂರು. ಅದಕ್ಕೇ ಕಲ್ಲು, ಸುಣ್ಣ. ದೆಹಲಿ, ಉಜ್ಜಯಿನಿ, ವಾರಾಣಸಿ, ಮಥುರಾದಲ್ಲೂ ಇಂಥ ವೀಕ್ಷಣಾಲಯ ಕಟ್ಟಿಸಿದರು. ಯುರೋಪಿನಲ್ಲಿ ಲೋಲಕದ ಗಡಿಯಾರ ಬಂದು ಆಗಲೇ ಮುಕ್ಕಾಲು ಶತಮಾನವಾಗಿತ್ತು. ಜಾನ್ ಹ್ಯಾರಿಸನ್ ಅನ್ನುವ ಇಂಗ್ಲೆಂಡಿನ ಬಡಗಿ ಹಡಗಿನ ಮೇಲೂ ಸರಿಯಾಗಿ ನಡೆಯುವಂಥ ಗಡಿಯಾರವನ್ನು 1735ರಲ್ಲಿ ಮುಗಿಸಿದ್ದ. ಅವನ ದಾರಿ ಗೆದ್ದಿತು, ನಮ್ಮ ಕೈಗೆ ವಾಚು ಬಂದಿತು. ಜೈಸಿಂಗರ ದಾರಿ ಜೈಪುರದಲ್ಲೇ ನಿಂತಿತು. ಅದನ್ನು ಹಿಂದುಳಿದದ್ದು ಅನ್ನಲು ನನಗೆ ಮನಸ್ಸು ಬಾರದು. ವಾಚು ಒಳಗಿನ ಕೆಲಸವನ್ನೆಲ್ಲ ಮುಚ್ಚಿಡುತ್ತದೆ. ಇಲ್ಲಿ ಎಲ್ಲವೂ ಕಣ್ಣ ಮುಂದೆ ನಡೆಯುತ್ತದೆ.

ಹೊರಡುವಾಗ ಗೈಡ್ ರಾತ್ರಿಯ ಮಾತು ತೆಗೆದರು. ಸೂರ್ಯ ಮುಳುಗಿದ ಮೇಲೆ ನೀರಿನ ಗಡಿಯಾರ ಬೇಕು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ನಮ್ಮ ಕಡೆ ಹಿಂದೆ ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು ಅಂದೆ. ಅವರ ಮುಖ ಅರಳಿತು. ಬಟ್ಟಲು ಹೇಗಿರುತ್ತಿತ್ತು, ಯಾರು ಕಾಯುತ್ತಿದ್ದರು ಅಂತ ಕೇಳುತ್ತಾ ಗೇಟಿನವರೆಗೂ ಬಂದರು.

ಊರಿಗೆ ಬಂದ ಮೇಲೆ, ಜನವರಿ ಮೊದಲ ವಾರ, ಮಗಳು ತಾರಸಿಯ ಮೇಲೆ ಕೋಲು ನಿಲ್ಲಿಸಿ ಸೀಮೆಸುಣ್ಣದಲ್ಲಿ ನೆರಳಿನ ತುದಿ ಗುರುತು ಹಾಕಿದಳು. ಅತಿ ಚಿಕ್ಕ ನೆರಳು ಬಿದ್ದದ್ದು 12 ಗಂಟೆ 24 ನಿಮಿಷದ ಸುಮಾರಿಗೆ. ಬೆಂಗಳೂರಿನ 20 ನಿಮಿಷ, ಜನವರಿ ಹೊತ್ತಿಗೆ ಸೂರ್ಯ ಹಿಂದೆ ಬಿದ್ದ ನಾಲ್ಕು ನಿಮಿಷ. ಕೂಡಲೇ ಮಂಗಳೂರಿನ ದೊಡ್ಡಮ್ಮನಿಗೆ ಫೋನ್ ಮಾಡಿ, ಮುಂದಿನ ಭಾನುವಾರ ಅಂಗಳದಲ್ಲಿ ಒಂದು ಕೋಲು ನಿಲ್ಲಿಸಬೇಕು ಅಂತ ಹೇಳಿದ್ದಾಳೆ. ಇಬ್ಬರೂ ಒಂದೇ ದಿನ ಗುರುತು ಹಾಕಿ, ಆ ಹನ್ನೊಂದು ನಿಮಿಷ ಸಿಗುತ್ತದಾ ನೋಡುತ್ತಾರಂತೆ.