ಕಿಷ್ಕಿಂಧೆ ಕಾಳಗ, ಆವೃತ್ತಿ 0.4: ಆರನೇ ಮನೆ ಯಾರಿಗೆ?

ಆನೆಗೊಂದಿ ಸೀಮೆಯ ವಾಲಿ-ಸುಗ್ರೀವರ ಕಥೆಯನ್ನು ತೊಗಲುಗೊಂಬೆ ರೂಪದಲ್ಲಿ ಕಾದಾಟಕ್ಕಿಳಿಸುವ ಗೇಮ್ ಇದು. ಓಡುವುದು ಕಾದಾಟದ ಗೇಮ್‌ಗಳಿಗೆಂದೇ ಇರುವ ಇಕೆಮೆನ್ ಗೋ ಎಂಜಿನ್ ಮೇಲೆ. ವಾಲಿ, ಸುಗ್ರೀವ, ಹನುಮಂತ, ಅಂಗದ ಸಿದ್ಧ. ಮಾಯಾವಿಗೆ ಒದೆತಗಳಷ್ಟೇ ಬಾಕಿ. ಆಯ್ಕೆ ಪರದೆಯಲ್ಲಿ ಇನ್ನು ಖಾಲಿ ಇರುವುದು ಒಂದೇ ಮನೆ. ಅದಕ್ಕೆ ಗಂಗಾವತಿ, ಕೊಪ್ಪಳದ ಗೆಳೆಯರ ಬಾಯಲ್ಲಿ ಓಡಾಡುತ್ತಿರುವ ಹೆಸರು ನಾಲ್ಕು: ರಾಮ, ರಾವಣ, ಜಾಂಬವಂತ, ದುಂದುಭಿ.

ಹೆಚ್ಚು ಮಂದಿ ಕೇಳುವುದು ರಾಮನನ್ನು. ಆದರೆ ಈ ಕಥೆಯಲ್ಲಿ ಅವನು ಅಖಾಡಕ್ಕೆ ಇಳಿಯುವುದೇ ಇಲ್ಲ, ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ. ಹಾಗಾಗಿ ಅವನನ್ನು ಸುಗ್ರೀವನ ಸೂಪರ್ (ಕೂಡಿಟ್ಟ ಪವರ್ ಖರ್ಚು ಮಾಡಿ ಹೊಡೆಯುವ ದೊಡ್ಡ ಪೆಟ್ಟು) ಆಗಿ ಹಾಕಿದೆ: ಪವರ್ ಪೂರ್ತಿ 3000 ಖರ್ಚು, ಪರದೆಯ ಅಂಚಿನಿಂದ ಒಂದೇ ಬಾಣ. ಮೊದಲ ರೌಂಡಿನಲ್ಲಿ ಇದು ಬರುವುದಿಲ್ಲ. ಅಣ್ಣತಮ್ಮಂದಿರ ಗುರುತು ಸಿಗದೆ ಮೊದಲ ಕಾಳಗದಲ್ಲಿ ರಾಮ ಬಾಣ ಹೂಡಲಿಲ್ಲ. ಸುಗ್ರೀವನ ಕೊರಳಿಗೆ ಗಜಪುಷ್ಪಿ ಮಾಲೆ ಬಿದ್ದ ಮೇಲೆಯೇ ಹೂಡಿದ. ಪವರ್ ಮುಂದಿನ ರೌಂಡಿಗೂ ಉಳಿಯುವುದರಿಂದ ಮೊದಲನೆಯದನ್ನು ಸೋತವನೂ ಕೂಡಿಟ್ಟುಕೊಂಡು ಬರಬಹುದು.

ವಾಲಿ-ಸುಗ್ರೀವ ಇಬ್ಬರದೂ ಒಂದೇ ರೂಪವಾದ್ದರಿಂದ ಸ್ಪ್ರೈಟ್ (ಪಾತ್ರದ ಚಿತ್ರ) ಸೆಟ್ ಕೂಡ ಒಂದೇ, ಬಣ್ಣದ ಪಟ್ಟಿ ಮಾತ್ರ ಬೇರೆ. ಮಾಲೆಯನ್ನು ಎಕ್ಸ್‌ಪ್ಲಾಡ್ (ಪಾತ್ರದ ಮೇಲೆ ಅಂಟಿಸುವ ಬೇರೆ ಚಿತ್ರ) ಆಗಿ ಮೈಗೆ ಕಟ್ಟಿದೆ. ಅದಕ್ಕೂ ನಿಂತ, ಕೂತ, ನೆಗೆದ, ಪೆಟ್ಟು ತಿಂದ, ಬಿದ್ದ ಭಂಗಿಗಳು ಬೇಕು. ಇಲ್ಲವಾದರೆ ಸುಗ್ರೀವ ಬಗ್ಗಿದಾಗ ಮಾಲೆ ಗಾಳಿಯಲ್ಲೇ ನಿಲ್ಲುತ್ತದೆ.

ವಾಲಿಯಲ್ಲಿ ಒಂದು ದೋಷ ಸರಿಹೋಯಿತು. ಎದುರು ನಿಂತವನ ಬಲ ಅವನಿಗೆ ಸೇರುತ್ತದೆಂಬ ವರಕ್ಕಾಗಿ, ಹೊಡೆತ ತಗುಲಿದಾಗ ಎದುರಾಳಿಯ ಪವರ್‌ನಲ್ಲಿ 60 ಕಳೆದು ವಾಲಿಗೆ ಕೂಡಿಸುತ್ತೇವೆ. ಷರತ್ತಿನಲ್ಲಿ ಬರೀ 'ಮೂವ್‌ಹಿಟ್' (ಹೊಡೆತ ತಗುಲಿದ್ದನ್ನು ಹೇಳುವ ಸೂಚಕ) ಎಂದಿತ್ತು. ಎಂಜಿನ್ ಕಾಲವನ್ನು ಸೆಕೆಂಡಿಗೆ 60 ಟಿಕ್‌ನಂತೆ ಎಣಿಸುತ್ತದೆ; ಆ ಷರತ್ತು ಪ್ರತಿ ಟಿಕ್‌ಗೂ ನಿಜವಾಗಿ, ಹೊಡೆತದ ಉಳಿದ 17 ಟಿಕ್‌ಗಳಲ್ಲಿ 1020 ಪವರ್ ಎಳೆದುಬಿಡುತ್ತಿತ್ತು. 'ಮೂವ್‌ಹಿಟ್ = 1' ಎಂದ ಮೇಲೆ ಒಂದೇ ಸಲ ಕಳೆಯುತ್ತದೆ. ಇಬ್ಬರೂ ಮುಖಾಮುಖಿ ಇದ್ದಾಗ ಮಾತ್ರ ವರ ನಡೆಯಲಿ ಎಂದು ಇಬ್ಬರ 'ಫೇಸಿಂಗ್' (ಮುಖ ತಿರುಗಿದ ದಿಕ್ಕು) ಬೆಲೆ ಬೇರೆ ಬೇರೆ ಇರಬೇಕೆಂಬ ಷರತ್ತನ್ನೂ ಸೇರಿಸಿದೆ.

ರಾವಣನ ಹತ್ತು ತಲೆಗೆ ಪೆಟ್ಟು ತಗುಲುವ ಚೌಕ ಹಾಕಿದರೆ ಎಲ್ಲ ಹೊಡೆತವೂ ಅವನಿಗೆ ತಗುಲುತ್ತದೆ, ಹಾಕದಿದ್ದರೆ ಕೈ ತಲೆಯೊಳಗೇ ತೂರಿ ಹೋಗುತ್ತದೆ. ಬೇಡ. ಜಾಂಬವಂತ ಒಳ್ಳೆಯ ಹಿಡಿತದ ಪಟು, ಆದರೆ ಆ ಬಗೆಯ ಆಟ ಈಗ ಅಂಗದನಲ್ಲಿದೆ.

ಉಳಿದವನು ದುಂದುಭಿ, ಕೋಣನ ರೂಪದ ದಾನವ. ನಮ್ಮ ಒಲವು ಇವನ ಕಡೆಗೇ. ಅಗಲ ಮೈಯ, ನೆಗೆಯಲಾರದ, ಕೊಂಬು ತಗ್ಗಿಸಿ ನುಗ್ಗುವ ಪಾತ್ರ ಇಲ್ಲಿ ಮತ್ತೊಂದಿಲ್ಲ. ಗೊಂಬೆಯೂ ಅನುಕೂಲ: ಪಕ್ಕನೋಟದ ಆಕೃತಿ, ಕೀಲುಗಳಲ್ಲಿ ಬಿಚ್ಚಿಕೊಳ್ಳುತ್ತದೆ. 11 ತುಂಡು ಬರೆದು ತಿರುಗಿಸಿದರೆ ಭಂಗಿ ಸಿದ್ಧ. ಉಳಿಸುವಾಗ ಅಂಚು ನುಣುಪಾಗಿಸುವ ಆಯ್ಕೆಯನ್ನು ಆಫ್ ಮಾಡಿಡಬೇಕು, ಇಲ್ಲದಿದ್ದರೆ ಹಿನ್ನೆಲೆಯ ಬಣ್ಣ ಕಲೆತು ಗೊಂಬೆಯ ಸುತ್ತ ಗೆರೆ ಉಳಿಯುತ್ತದೆ. ಎಲ್ಲ ಫ್ರೇಮಿಗೂ 256 ಬಣ್ಣಗಳ ಒಂದೇ ಪಟ್ಟಿ, 0ನೆಯ ಬಣ್ಣ ಪಾರದರ್ಶಕ.

ತೊಡಕು ಮೈ ಅಗಲದ್ದು. ಮಾದರಿ ಪಾತ್ರದಿಂದ ಬಂದ 'ಗ್ರೌಂಡ್.ಫ್ರಂಟ್' (ನೆಲದ ಮೇಲಿದ್ದಾಗ ಮೈಯ ಮುಂದಿನ ಅಗಲ) 16 ಹಾಗೇ ಇದ್ದುದರಿಂದ ಹನುಮಂತ ಕೋಣನ ಹೊಟ್ಟೆಯೊಳಗೇ ನಿಲ್ಲುತ್ತಿದ್ದ. 42 ಮಾಡಿದ ಮೇಲೆ ಕೊಂಬಿನ ತುದಿಗೆ ನಿಲ್ಲುತ್ತಾನೆ, ಆದರೆ ಅಂಗದನ ಹಿಡಿತ ಅಷ್ಟು ದೂರ ಎಟುಕುವುದಿಲ್ಲ. 36ಕ್ಕೆ ಎರಡೂ ಹೊಂದಿದವು. ಇನ್ನೊಂದು: ಯಾರಾದರೂ ಎತ್ತಿ ಎಸೆದರೆ ಎಂಜಿನ್ ದುಂದುಭಿಯ 5000ದ ಸಾಲಿನ (ಪೆಟ್ಟು ತಿನ್ನುವ ಭಂಗಿಗಳ) ಸ್ಪ್ರೈಟ್‌ಗಳನ್ನೇ ತೋರಿಸುತ್ತದೆ. ನಾಲ್ಕು ಕಾಲಿನ ಮೈಯನ್ನು ಅಲ್ಲಿ ಹಿಂಗಾಲಿನ ಮೇಲೆ ಎಬ್ಬಿಸಿ ಬರೆಯಬೇಕು, ಆಧಾರಬಿಂದು ಹಿಂಗೊರಸಿನಲ್ಲಿ. ಕಥೆಯಲ್ಲಿ ವಾಲಿಯಿಂದ ಋಷ್ಯಮೂಕ ಬೆಟ್ಟದವರೆಗೆ ಎಸೆಯಿಸಿಕೊಂಡವನು ಎಸೆತದಲ್ಲೇ ಅಂದಗೆಟ್ಟರೆ ಹೇಗೆ? ಆ ಸಾಲಿನಲ್ಲಿ ಇನ್ನು 12 ಫ್ರೇಮ್ ಬಾಕಿ ಇವೆ.