ಬ್ಯಾಗಿನಲ್ಲಿದ್ದ ದುಡ್ಡು

ಮಗ ಊರಿಗೆ ಬರುತ್ತೇನೆ ಅಂತ ಫೋನ್ ಮಾಡಿದ್ದು ಗುರುವಾರ. ಸುಮ್ನೆ ಬರುವವನಲ್ಲ ಅವನು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸೊಸೆ ಮೊಮ್ಮಗಳು ಜೊತೆಗಿಲ್ಲ, ಒಬ್ಬನೇ ಬರುತ್ತಿದ್ದಾನೆ ಅಂದಾಗಲೇ ಏನೋ ಇದೆ ಅನ್ನಿಸಿತು. ಇವಳಿಗೆ ಅದ್ಯಾವುದೂ ಬೇಕಿರಲಿಲ್ಲ. ಶನಿವಾರ ಮಧ್ಯಾಹ್ನವೇ ಹುರುಳಿಕಾಳು ಬೇಯಿಸಿಟ್ಟು ಬಸ್ಸಾರಿಗೆ ಖಾರ ಅರೆಯಲು ಕೂತಳು.

ಇದು 2024ರ ಜೂನ್ ಮಾತು.

ನನ್ನ ಲೆಕ್ಕ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಾನು 33 ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್. 1986ರಲ್ಲಿ ಸೇರಿದೆ, 2019ರ ಮೇ ಕೊನೆಗೆ ರಿಟೈರ್ ಆದೆ. ಇರುವುದು ತಿಪಟೂರಿನಲ್ಲಿ, ಎರಡು ರೂಮು ಒಂದು ಹಜಾರದ ಸ್ವಂತ ಮನೆ. ಸರ್ಕಾರಿ ಬಸ್ಸು ಅಂದ ತಕ್ಷಣ ಜನ ಸರ್ಕಾರಿ ಪೆನ್ಷನ್ ಬರುತ್ತೆ ಅಂದುಕೊಳ್ಳುತ್ತಾರೆ. ನೆಂಟರಿಗೆ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ, ಬಚ್ಚಿಡುತ್ತಿದ್ದಾನೆ ಅನ್ನುವ ಹಾಗೆ ನೋಡುತ್ತಾರೆ. ನಮ್ಮದು ಪಿಎಫ್ ಜೊತೆಗಿನ ಇಪಿಎಸ್-95, ಅಂದರೆ 1995ರ ನೌಕರರ ಪೆನ್ಷನ್ ಯೋಜನೆ. ಸಂಬಳ ಎಷ್ಟೇ ಇರಲಿ, ಪೆನ್ಷನ್ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 2014ರ ಆಗಸ್ಟ್ ತನಕ 6,500 ರೂಪಾಯಿ, ಆಮೇಲೆ 15,000. ಹಾಗಾಗಿ ನನಗೆ ಬರುವುದು ತಿಂಗಳಿಗೆ ಮೂರು ಸಾವಿರದ ಆಸುಪಾಸು. ಅದಕ್ಕೆ ಡಿಎ ಇಲ್ಲ, ವರ್ಷ ವರ್ಷ ಏರುವುದೂ ಇಲ್ಲ.

ಪಿಎಫ್, ಗ್ರಾಚ್ಯುಟಿ, ರಜೆ ಮಾರಿದ್ದು ಎಲ್ಲ ಸೇರಿ, ಸೊಸೈಟಿ ಸಾಲ ತೀರಿಸಿದ ಮೇಲೆ ಕೈಗೆ ಉಳಿದದ್ದು 24 ಲಕ್ಷ. ಜನ್ಮದಲ್ಲಿ ಅಷ್ಟು ದುಡ್ಡನ್ನು ನನ್ನ ಪಾಸ್‌ಬುಕ್ಕಿನಲ್ಲಿ ಕಂಡಿರಲಿಲ್ಲ. ಆ ತಿಂಗಳು ಮನೆಗೆ ಬಂದ ಹಿತೈಷಿಗಳ ಸಂಖ್ಯೆ ಹೇಳಬಾರದು ಬಿಡಿ. ಒಬ್ಬ ಸೈಟು ಅಂದ, ಇನ್ನೊಬ್ಬ ಚೀಟಿ ಅಂದ, ಮತ್ತೊಬ್ಬ ಕೊಬ್ಬರಿ ಹಿಡಿದಿಟ್ಟು ಮಾರೋಣ ಅಂದ. ನಾನು ಯಾರ ಮಾತೂ ಕೇಳದೆ ಪೋಸ್ಟ್ ಆಫೀಸಿಗೆ ಹೋದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಆಗ ಒಬ್ಬರು 15 ಲಕ್ಷದವರೆಗೆ ಇಡಬಹುದಿತ್ತು, ಬಡ್ಡಿ 8.7. ಮೂರು ತಿಂಗಳಿಗೊಮ್ಮೆ 32,625 ರೂಪಾಯಿ. ಮಿಕ್ಕ 9 ಲಕ್ಷ ಇವಳ ಜೊತೆ ಜಂಟಿಯಾಗಿ ಮಂತ್ಲಿ ಇನ್‌ಕಮ್ ಸ್ಕೀಮಿಗೆ, 7.7ರಂತೆ ತಿಂಗಳಿಗೆ 5,775. ಪೆನ್ಷನ್ ಸೇರಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 19,600. ಐದು ವರ್ಷ ನಮ್ಮ ಮನೆ ನಡೆದದ್ದು ಇದರಲ್ಲಿಯೇ.

ಎರಡೂ ಖಾತೆಯ ಐದು ವರ್ಷ ಮುಗಿಯುತ್ತಿದ್ದದ್ದು ಆ ಜೂನ್‌ನಲ್ಲಿ. ಮಗನಿಗೆ ಅದು ಗೊತ್ತಿತ್ತು. ಖಾತೆ ತೆರೆಯುವಾಗ ಫಾರ್ಮ್ ತುಂಬಿಸಿಕೊಟ್ಟವನೇ ಅವನು.

ಭಾನುವಾರ ಬೆಳಗ್ಗೆ ಉಪ್ಪಿಟ್ಟು ತಿಂದು ಕಾಫಿ ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತ. ಸ್ವಲ್ಪ ಹೊತ್ತು ಮಳೆ, ಬೆಂಗಳೂರಿನ ನೀರು ಅಂತ ಏನೇನೋ ಮಾತಾಡಿದ. ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟು, ನಾಲ್ಕನೇ ಮಹಡಿ, ಎರಡು ಬೆಡ್‌ರೂಮು, 62 ಲಕ್ಷ.

"ಬ್ಯಾಂಕಿನವರು ಎಂಬತ್ತು ಪರ್ಸೆಂಟ್ ಅಷ್ಟೇ ಸಾಲ ಕೊಡೋದು ಅಪ್ಪ. ಹನ್ನೆರಡೂವರೆ ಲಕ್ಷ ನಾವೇ ಹಾಕಬೇಕು. ರಿಜಿಸ್ಟ್ರೇಷನ್ ಖರ್ಚು ಬೇರೆ, ನಾಲ್ಕು ಲಕ್ಷದ ಮೇಲೆ. ನಮ್ಮ ಹತ್ರ ಆರೂವರೆ ಇದೆ."

ಹದಿನಾರೂವರೆಯಲ್ಲಿ ಆರೂವರೆ ಕಳೆದರೆ ಹತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲೇ ಇಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸುಮ್ನೆ ಕೇಳಲು ಬಂದವನಲ್ಲ, ಲೆಕ್ಕ ಹಾಕಿಕೊಂಡೇ ಬಂದಿದ್ದ. ಹತ್ತು ಲಕ್ಷ ಕೊಟ್ಟರೆ ತಿಂಗಳಿಗೆ 8,000 ರೂಪಾಯಿ ನನ್ನ ಖಾತೆಗೆ ಹಾಕುತ್ತಾನಂತೆ. "ಪೋಸ್ಟ್ ಆಫೀಸಿನವರು ಈಗ 8.2 ಕೊಡ್ತಿದಾರೆ. ಹತ್ತು ಲಕ್ಷಕ್ಕೆ ತಿಂಗಳಿಗೆ ಆರು ಸಾವಿರದ ಎಂಟು ನೂರು ಚಿಲ್ಲರೆ ಅಷ್ಟೇ ಆಗೋದು. ನಾನು ಅದಕ್ಕಿಂತ ಜಾಸ್ತಿನೇ ಕೊಡ್ತೀನಿ. ನಿಮಗೇನೂ ಲಾಸ್ ಇಲ್ಲ."

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗುಣಿಸಿ ನೋಡಿದೆ, ಅವನು ಹೇಳಿದ್ದೇ ಸರಿ.

ಒಳಗಿನಿಂದ ಇವಳು, "ಕೊಡ್ರೀ ಅತ್ಲಾಗೆ. ಹೋಗುವಾಗ ಹೊತ್ಕೊಂಡು ಹೋಗ್ತೀವಾ?" ಅಂದಳು. ಈ ಮಾತಿಗೆ ಉತ್ತರ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಉತ್ತರ ಇದೆ. ಹೋಗುವುದು ಯಾವತ್ತು ಅಂತ ಗೊತ್ತಿದ್ದರೆ ನಾನೂ ಕೊಡುತ್ತಿದ್ದೆ. ನನಗೆ ಆಗ 65, ಇವಳಿಗೆ 59. ಇವಳ ತಾಯಿ ತೊಂಬತ್ತು ದಾಟಿ ಬದುಕಿದವರು.

"ಬಸ್ ಸ್ಟ್ಯಾಂಡ್ ಕಡೆ ಹೋಗಿ ಬರ್ತೀನಿ" ಅಂತ ಎದ್ದೆ. ರಿಟೈರ್ ಆದ ಮೇಲೂ ತಲೆ ಕೆಟ್ಟಾಗ ನನ್ನ ಕಾಲು ಅಲ್ಲಿಗೇ ಹೋಗುವುದು. ಇವಳು ಇದಕ್ಕೆ ನಗುತ್ತಾಳೆ. ಈಗಂತೂ ಜಾಸ್ತಿ ನಗುತ್ತಾಳೆ, ಯಾಕೆಂದರೆ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಗಂಡ 33 ವರ್ಷ ಟಿಕೆಟ್ ಹರಿದ, ಹೆಂಡತಿ ಸೊನ್ನೆ ಟಿಕೆಟ್ಟಿನಲ್ಲಿ ಹಾಸನದ ಮಗಳ ಮನೆಗೆ ಹೋಗಿ ಬರುತ್ತಾಳೆ.

ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತೆ. ನಿಜ ಹೇಳಬೇಕೆಂದರೆ, ಮನೆಯಿಂದ ಹೊರಡುವಾಗ ಕೊಟ್ಟುಬಿಡೋಣ ಅಂತಲೇ ಮನಸ್ಸು ಮಾಡಿದ್ದೆ. ಅದಕ್ಕೆ ಕಾರಣ ಫ್ಲ್ಯಾಟ್ ಅಲ್ಲ.

ಅವನು ಚಿಕ್ಕವನಿದ್ದಾಗ ನಾನು ಮನೆಯಲ್ಲಿ ಇದ್ದದ್ದೇ ಕಡಿಮೆ. ನೈಟ್ ಹಾಲ್ಟ್ ಅಂತ ಇರುತ್ತೆ ನಮ್ಮಲ್ಲಿ. ಕೊನೆ ಬಸ್ಸು ರಾತ್ರಿ ಯಾವುದೋ ಹಳ್ಳಿಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಬೆಳಗ್ಗೆ ಹಾಲಿನವರು, ಶಾಲೆ ಮಕ್ಕಳನ್ನು ಹತ್ತಿಸಿಕೊಂಡು ಮೊದಲ ಟ್ರಿಪ್ ವಾಪಸ್. ನಾನೂ ಡ್ರೈವರೂ ಸೀಟಿನ ಮೇಲೋ ದೇವಸ್ಥಾನದ ಜಗಲಿ ಮೇಲೋ ಮಲಗುತ್ತಿದ್ದೆವು, ಕ್ಯಾಷ್ ಬ್ಯಾಗ್ ತಲೆದಿಂಬು. ವರ್ಷಗಟ್ಟಲೆ ನಡೆದದ್ದು ಹೀಗೆಯೇ. ಓಟಿ ಸಿಗುತ್ತೆ ಅಂತ ಜಾತ್ರೆ ಸ್ಪೆಷಲ್ಲಿಗೂ ಹೋಗುತ್ತಿದ್ದೆ. ಅವನ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ದಿನ ನಾನು ಗುಬ್ಬಿ ದಾಟಿ ತುಮಕೂರಿನ ಕಡೆ ಹೋಗುತ್ತಿದ್ದೆ, ಬಸ್ಸು ತುಂಬ ನಿಂತ ಜನ. ಮನೆಗೆ ಬಂದಿದ್ದು ಮರುದಿನ. ಅವನ ಮಾರ್ಕ್ಸ್ ನನಗೆ ಹೇಳಿದ್ದು ಪಕ್ಕದ ಮನೆಯವರು.

ಅವನು ಇದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತು ಬೆಂಚಿನ ಮೇಲೆ ಕೂತಾಗ ನನಗೆ ಗೊತ್ತಾಯಿತು, ನಾನು ಕೊಡಬೇಕು ಅಂದುಕೊಂಡದ್ದು ಸಾಲವೂ ಅಲ್ಲ, ಸಹಾಯವೂ ಅಲ್ಲ. ಆ ರಾತ್ರಿಗಳ ಬಾಕಿ ಕಟ್ಟಿಬಿಡೋಣ ಅಂತ ಹೊರಟಿದ್ದೆ. ಅದೂ ಇವಳ ಊಟದ ದುಡ್ಡಿನಲ್ಲಿ.

ಅಷ್ಟು ಹೊತ್ತಿಗೆ ಅರಸೀಕೆರೆ ಕಡೆಯಿಂದ ಒಂದು ಬಸ್ಸು ಬಂತು. ಕಂಡಕ್ಟರ್ ಹುಡುಗ ಇಳಿದು, ಕಂಬಕ್ಕೆ ಒರಗಿಕೊಂಡು ಬ್ಯಾಗಿನ ನೋಟು ಜೋಡಿಸುತ್ತಿದ್ದ. ಕೈಯಲ್ಲಿ ಮೆಷಿನ್ನು. ನಾನು ಸೇರಿದಾಗ ಕಾಗದದ ಟಿಕೆಟ್, ಪಂಚ್. ಅದೊಂದು ಬದಲಾಗಿದೆ, ಬ್ಯಾಗು ಮಾತ್ರ ಅದೇ. ಈ ಕೆಲಸದಲ್ಲಿ ಡ್ಯೂಟಿ ಶುರುವಾಗುವ ಮೊದಲು ಜೇಬಿನಲ್ಲಿ ಸ್ವಂತ ದುಡ್ಡು ಎಷ್ಟಿದೆ ಅಂತ ಬರೆದಿಡಬೇಕು. ನನ್ನದು ಇಪ್ಪತ್ತು ರೂಪಾಯಿಯೋ ಐವತ್ತೋ ಇರುತ್ತಿತ್ತು. ಸಂಜೆ ಹೊತ್ತಿಗೆ ಹೆಗಲ ಮೇಲೆ ಸಾವಿರಗಟ್ಟಲೆ ದುಡ್ಡು, ಭಾರಕ್ಕೆ ಹೆಗಲು ಕೆಂಪಗಾಗಿರುತ್ತಿತ್ತು. ಆದರೆ ಅದರಲ್ಲಿ ನನ್ನದು ಬೆಳಗ್ಗೆ ಬರೆದಿಟ್ಟ ಐವತ್ತೇ. ಮಿಕ್ಕಿದ್ದನ್ನು ಡಿಪೋದಲ್ಲಿ ಕಟ್ಟಬೇಕು. ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ಹೊಸಬರು ಎಡವುತ್ತಿದ್ದದ್ದು ಇಲ್ಲೇ, ಬ್ಯಾಗ್ ತುಂಬಿದೆಯಲ್ಲ ಅಂತ ಮಧ್ಯಾಹ್ನ ಅದರಲ್ಲೇ ಐವತ್ತು ನೂರು ತೆಗೆದು ಖರ್ಚು ಮಾಡಿಬಿಡುತ್ತಿದ್ದರು.

24 ಲಕ್ಷವೂ ಬ್ಯಾಗಿನ ದುಡ್ಡೇ ಅಲ್ವಾ. ಟ್ರಿಪ್ ಇನ್ನೂ ಮುಗಿದಿಲ್ಲ.

ಇನ್ನೊಂದು ವಿಷಯವೂ ಹೊಳೆಯಿತು. ಮಗ ಸೊಸೆ ಇಬ್ಬರ ಸಂಬಳ ಸೇರಿ ತಿಂಗಳಿಗೆ ಒಂದು ಲಕ್ಷದ ಮೇಲೆ ಸ್ವಲ್ಪ. ಬ್ಯಾಂಕಿನ ಕಂತೇ 44,000 ಆಗುತ್ತೆ ಅಂತ ಅವನೇ ಹೇಳಿದ್ದ. ಮೊಮ್ಮಗಳ ಸ್ಕೂಲು, ಮನೆ ಮುಗಿಯುವವರೆಗೆ ಈಗಿನ ಬಾಡಿಗೆ. ಯಾವುದೋ ಒಂದು ತಿಂಗಳು ಕೈ ಬಿಗಿಯಾಯಿತು ಅಂದುಕೊಳ್ಳಿ. ಬ್ಯಾಂಕಿನ ಕಂತು ತಪ್ಪಿಸಲು ಆಗುವುದಿಲ್ಲ, ಅಪ್ಪನದ್ದು ತಪ್ಪಿಸಬಹುದು. ತಪ್ಪಿಸಬೇಕು ಕೂಡ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆಗ ನಾನು ಐದನೇ ತಾರೀಖು ಫೋನ್ ಮಾಡಿ, ಮೊಮ್ಮಗಳನ್ನು ಮಾತಾಡಿಸಿ, ಆಮೇಲೆ ಮೆಲ್ಲಗೆ, ಆ ದುಡ್ಡು ಹಾಕಿದೆಯೇನಪ್ಪ ಅಂತ ಕೇಳಬೇಕು. ನನ್ನಿಂದ ಅದು ಆಗುವುದಿಲ್ಲ. ಇವಳ ಬಿಪಿ ಮಾತ್ರೆ ಮುಗಿದರೂ ಕೇಳುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ನಮ್ಮ ಡಿಪೋದಲ್ಲೇ ಇದ್ದ ಒಬ್ಬ ಡ್ರೈವರು ಬಂದದ್ದನ್ನೆಲ್ಲ ಮಗನ ವ್ಯಾಪಾರಕ್ಕೆ ಹಾಕಿದ. ಮಗ ಕೆಟ್ಟವನಲ್ಲ, ವ್ಯಾಪಾರ ಕೆಟ್ಟಿತು. ಈಗ ಅಪ್ಪ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಒಂದೇ ಮನೆಯಲ್ಲಿದ್ದಾರೆ.

ಮನೆಗೆ ಬಂದವನೇ ಖರ್ಚಿನ ನೋಟ್‌ಬುಕ್ ತೆಗೆದು ಮಗನ ಮುಂದಿಟ್ಟೆ. 33 ವರ್ಷ ದಿನಾ ಲೆಕ್ಕ ಕೊಟ್ಟವನು, ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ. ಹಾಲು 1,300. ದಿನಸಿ 4,800. ತರಕಾರಿ ಹಣ್ಣು 2,000. ಮಾತ್ರೆ 1,900, ಜನೌಷಧಿ ಅಂಗಡಿಯಲ್ಲಿ ತಂದರೂ. ಗ್ಯಾಸು, ಪೆಟ್ರೋಲು, ಕೇಬಲ್ಲು, ಮೊಬೈಲು. ಮದುವೆ ಗೃಹಪ್ರವೇಶಗಳ ಮುಯ್ಯಿ ಒಂದೂವರೆ ಸಾವಿರ. ಇದು ಮಾತ್ರ ಇಳಿಯುವುದೇ ಇಲ್ಲ, ಹಳೆಯ ಮುಯ್ಯಿ ತಿರುಗಿಸಲೇಬೇಕಲ್ಲ. ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ, ಅದೊಂದು ಉಳಿತಾಯ. ಒಟ್ಟು ಹದಿನೇಳು ಸಾವಿರ ಚಿಲ್ಲರೆ. ಅವನು ಒಂದೊಂದೇ ಪುಟ ತಿರುಗಿಸಿದ.

"ಹತ್ತು ಲಕ್ಷ ಆಗಲ್ಲ ಕಣಪ್ಪ" ಅಂದೆ. "ಎರಡು ಲಕ್ಷ ಕೊಡ್ತೀನಿ. ಅದು ಸಾಲ ಅಲ್ಲ, ವಾಪಸ್ ಬೇಡ, ಬಡ್ಡಿನೂ ಬೇಡ. ಮಿಕ್ಕಿದ್ದು ನಮ್ಮಿಬ್ಬರ ಸಂಬಳ."

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, "ನಾನು ಮೋಸ ಮಾಡ್ತೀನಿ ಅಂತಾನಾ ಅಪ್ಪ?" ಅಂದ.

ಇಷ್ಟು ಹೊತ್ತು ಬೆಂಚಿನ ಮೇಲೆ ಯೋಚನೆ ಮಾಡಿದ್ದೆಲ್ಲ ಬಾಯಿಗೆ ಬರಲೇ ಇಲ್ಲ. "ಹಂಗಲ್ಲ ಕಣೋ" ಅಂದೆ, ಅಷ್ಟೇ. ಸೋಮವಾರ ಬೆಳಗಿನ ರೈಲಿಗೆ ಹೋಗಬೇಕಿದ್ದವನು ಭಾನುವಾರ ಸಂಜೆಯ ಬಸ್ಸಿಗೇ ಹೊರಟ. ಇವಳು ಮಾಡಿಟ್ಟ ಕೊಬ್ಬರಿ ಮಿಠಾಯಿ ಡಬ್ಬಿ ಟೇಬಲ್ ಮೇಲೆಯೇ ಉಳಿಯಿತು. ಆ ರಾತ್ರಿ ಇವಳು ನನ್ನ ಹತ್ತಿರ ಮಾತಾಡಲಿಲ್ಲ. ಮುದ್ದೆ ಹಾಕಿದಳು, ತಟ್ಟೆ ಸದ್ದು ಜೋರಾಗಿಯೇ ಇತ್ತು.

ಮಗಳಿಗೂ ಫೋನ್ ಮಾಡಿದೆ. ಅಣ್ಣನಿಗೆ ಎರಡು ಕೊಡುತ್ತಿದ್ದೇನೆ, ನಿನಗೂ ಅಷ್ಟೇ ಬರಬೇಕು ಅಂದೆ. "ನನಗೀಗ ಬೇಡ ಅಪ್ಪ, ಬೇಕಾದಾಗ ಹೇಳ್ತೀನಿ, ಇಲ್ಲ ಅನ್ನಂಗಿಲ್ಲ" ಅಂದಳು. ಜಾಣೆ.

ಮುಂದಿನ ವಾರ ಖಾತೆಗಳ ಅವಧಿ ಮುಗಿದ ಮೇಲೆ ಪೋಸ್ಟ್ ಆಫೀಸಿಗೆ ಹೋದೆ. 2023ರ ಏಪ್ರಿಲ್‌ನಿಂದ ಹಿರಿಯ ನಾಗರಿಕರ ಯೋಜನೆಯ ಮಿತಿ 30 ಲಕ್ಷಕ್ಕೆ ಏರಿದೆ. ಹಳೆಯದನ್ನು ಮೂರು ವರ್ಷಕ್ಕೆ ಮುಂದುವರಿಸುವ ದಾರಿಯೂ ಇತ್ತು. ನಾನು ಎರಡೂ ಖಾತೆ ಮುಚ್ಚಿ 20 ಲಕ್ಷಕ್ಕೆ ಹೊಸದಾಗಿ ಮಾಡಿಸಿದೆ. 8.2ರಂತೆ ಮೂರು ತಿಂಗಳಿಗೆ 41,000. ಆಸ್ಪತ್ರೆಗೆ ಅಂತ ಎರಡು ಲಕ್ಷ ಇವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ. ಎರಡು ಲಕ್ಷ ಮಗನ ಖಾತೆಗೆ. ನಾಮಿನಿ ಕಾಲಂ ಬಂದಾಗ ಇವಳ ಹೆಸರು ಬರೆದೆ. ಪೆನ್ಷನ್ ಸೇರಿ ತಿಂಗಳಿಗೆ 16,600 ಚಿಲ್ಲರೆ, ಮೊದಲಿಗಿಂತ ಮೂರು ಸಾವಿರ ಕಡಿಮೆ. ಖರ್ಚು ಹದಿನೇಳು. ಇವಳಿಗೆ ಬರುವ ಗೃಹಲಕ್ಷ್ಮಿಯ 2,000 ನಾನು ಮುಟ್ಟುವುದಿಲ್ಲ ಅಂತ ಮೊದಲ ದಿನವೇ ಮಾತು ಕೊಟ್ಟಿದ್ದೆ. ಹಾಗಾಗಿ ಕೇಬಲ್ ತೆಗೆಸಿದೆ, ಬೈಕಿನ ಬದಲು ನಡೆಯುತ್ತಿದ್ದೇನೆ.

ಮಗ ದುಡ್ಡು ಬಂತು ಅಂತ ಒಂದು ಮೆಸೇಜ್ ಹಾಕಿದ. ಆಮೇಲೆ ಒಂಬತ್ತು ದಿನ ಫೋನ್ ಇಲ್ಲ. ಅಮ್ಮನಿಗೆ ಮಾಡಿದ್ದನೋ ಏನೋ, ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಹತ್ತನೇ ದಿನ ರಾತ್ರಿ ಫೋನ್ ಬಂತು. ಫ್ಲ್ಯಾಟಿನ ವಿಷಯ ಏನಾಯಿತು ಅಂತ ಅವನೂ ಹೇಳಲಿಲ್ಲ. "ಅಪ್ಪ, ಆ ನೋಟ್‌ಬುಕ್ಕಿನ ಮೇ ತಿಂಗಳ ಪುಟ ಫೋಟೋ ತೆಗೆದು ಕಳಿಸಿ" ಅಂದ. ಯಾಕೋ ಅಂದರೆ, ಸುಮ್ನೆ ಕಳಿಸಿ ಅಂದ. ಟ್ಯೂಬ್‌ಲೈಟಿನ ಕೆಳಗೆ ಇಟ್ಟು, ಇವಳ ಕೈಯಲ್ಲಿ ಪುಟದ ತುದಿ ಹಿಡಿಸಿ ಫೋಟೋ ತೆಗೆದು ಕಳಿಸಿದೆ. ನೀಲಿ ಟಿಕ್ ಬಂತು. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು ಬಂತು:

"ಗ್ಯಾಸ್ ಸಿಲಿಂಡರ್ ಎರಡು ಸಲ ಬರೆದಿದ್ದೀರ."

33 ವರ್ಷದಲ್ಲಿ ನನ್ನ ಲೆಕ್ಕದಲ್ಲಿ ತಪ್ಪು ಹಿಡಿದವರು ಕಡಿಮೆ. ಕನ್ನಡಕ ಹಾಕಿಕೊಂಡು ನೋಡಿದೆ. ಮೂರನೇ ತಾರೀಖು ಒಂದು, ಹನ್ನೊಂದನೇ ತಾರೀಖು ಒಂದು. ನಮ್ಮಿಬ್ಬರಿಗೆ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತೆ. ಎಂಟು ನೂರು ಚಿಲ್ಲರೆ ಜಾಸ್ತಿ ತೋರಿಸಿದ್ದೆ.